ಎಲ್‌ಇಡಿ ಸ್ಟ್ರಿಪ್‌ನಲ್ಲಿ ಹಣತೆಯ ಬಣ್ಣ ತಂದ ಕಥೆ

ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಆಸ್ಟಿನ್ ಹತ್ತಿರ. ನವೆಂಬರ್ ಕೊನೆಗೆ ನಮ್ಮ ಬೀದಿಯ ಮನೆಗಳೆಲ್ಲ ಕ್ರಿಸ್‌ಮಸ್ ದೀಪ ಹಾಕುತ್ತವೆ. ನಮ್ಮ ಮನೆಯಲ್ಲಿ ದೀಪಾವಳಿಗೇ ಶುರು. ಒಂದು ಸಲ ಕಟ್ಟಿದ ದೀಪ ಎರಡೂ ಹಬ್ಬಕ್ಕೆ ಆಗಬೇಕು ಅಂತ ನನ್ನ ಆಸೆ. ದೀಪಾವಳಿಗೆ ಹಣತೆಯ ಬಣ್ಣ, ಡಿಸೆಂಬರ್‌ಗೆ ಕೆಂಪು, ಹಸಿರು.

ಮೊದಲ ವರ್ಷ ನಾಲ್ಕು ವೈರಿನ ಸಾದಾ ಆರ್‌ಜಿಬಿ ಸ್ಟ್ರಿಪ್ ತಂದೆ. ಒಂದು ವೈರ್‌ನಲ್ಲಿ 12 ವೋಲ್ಟ್, ಉಳಿದ ಮೂರು ಕೆಂಪು, ಹಸಿರು, ನೀಲಿಗೆ. ಕಂಪ್ಯೂಟರ್ ಯಾವ ಬಣ್ಣ ಹೇಳಿದರೂ ಇಡೀ ಸ್ಟ್ರಿಪ್ ಒಟ್ಟಿಗೆ ಅದೇ ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಅಂಚಿಗೆ ಇದು ಚೆನ್ನ, ಈಗಲೂ ಅಲ್ಲೇ ಇದೆ. ಆದರೆ ಸಾಲು ಹಣತೆ ಅಂದರೆ ಒಂದೊಂದು ಜ್ವಾಲೆಯೂ ಬೇರೆ ಬೇರೆಯಾಗಿ ಅಲ್ಲಾಡಬೇಕು, ಅಲ್ವಾ?

ಅದಕ್ಕೇ ಮರುವರ್ಷ ಪಿಕ್ಸೆಲ್ ಸ್ಟ್ರಿಪ್‌ಗೆ ಬಂದೆ. ಇದರಲ್ಲಿ ಒಂದೊಂದು ತುಣುಕಿಗೂ, ಅಂದರೆ ಪಿಕ್ಸೆಲ್‌ಗೂ, ಬೇರೆ ಬೇರೆ ಬಣ್ಣ ಕೊಡಬಹುದು. ಡಬ್ಲ್ಯುಎಸ್2811 ಚಿಪ್ ಇರುವ 12 ವೋಲ್ಟಿನದು. ಮೂರು ಎಲ್‌ಇಡಿಗೆ ಒಂದು ಚಿಪ್, ಅದೇ ಒಂದು ಪಿಕ್ಸೆಲ್. ಮೀಟರಿಗೆ 60 ಎಲ್‌ಇಡಿ. ಮನೆಯ ಮುಂದಿನ ಸೂರಿಗೆ 15 ಮೀಟರ್ ಬೇಕಾಯಿತು, ಅಂದರೆ 300 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 24 ಬಿಟ್ ಮಾಹಿತಿ, ಅದು ಹೋಗಲು ಸುಮಾರು 30 ಮೈಕ್ರೋಸೆಕೆಂಡ್. 300 ಪಿಕ್ಸೆಲ್‌ಗೆ 9 ಮಿಲಿಸೆಕೆಂಡ್ ಸಾಕು. ಸೆಕೆಂಡಿಗೆ 40 ಸಲ ಬಣ್ಣ ಬದಲಿಸಿದರೂ ಸಮಯ ಮಿಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಲೈಟ್ಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಬೆಳಕಿನ ಆಟ ಜೋಡಿಸುತ್ತೇನೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಫಾಲ್ಕನ್ ಪ್ಲೇಯರ್ ಸಾಫ್ಟ್‌ವೇರ್ ಅದನ್ನು ಸಂಜೆ ತಾನೇ ಶುರು ಮಾಡುತ್ತದೆ. ಸೂರಿನ ಕೆಳಗಿರುವ ಇಎಸ್‌ಪಿ32 ಬೋರ್ಡ್‌ನಲ್ಲಿ ಡಬ್ಲ್ಯುಎಲ್‌ಇಡಿ ಅನ್ನುವ ಪ್ರೋಗ್ರಾಮ್ ಹಾಕಿದ್ದೇನೆ. ಸ್ಟ್ರಿಪ್‌ಗೆ ಬಣ್ಣ ಹೇಳುವ ಕಂಟ್ರೋಲರ್ ಇದೇ. ಪಿಕ್ಸೆಲ್‌ನ ಒಂದೊಂದು ಬಣ್ಣಕ್ಕೂ ಒಂದು ಚಾನೆಲ್, 300 ಪಿಕ್ಸೆಲ್ ಅಂದರೆ 900 ಚಾನೆಲ್. ಚಾನೆಲ್‌ಗಳನ್ನು ಕಳಿಸುವ ಕಟ್ಟಿಗೆ ಯೂನಿವರ್ಸ್ ಅನ್ನುತ್ತಾರೆ, ಒಂದಕ್ಕೆ ಹಿಡಿಸುವುದು 512 ಚಾನೆಲ್. ಹಾಗಾಗಿ ಎರಡು ಯೂನಿವರ್ಸ್ ಬೇಕು. ಈ ಭಾಗ ಒಂದು ವಾರಾಂತ್ಯದಲ್ಲಿ ಮುಗಿಯಿತು. ವೈರಿಂಗ್ ಮುಗಿಯಲು ತಿಂಗಳಾಯಿತು.

ಮೊದಲು ಕಾಡಿದ್ದು ಮಿಣುಕು. ಸ್ಟ್ರಿಪ್ ಎಲ್ಲೆಲ್ಲೋ ಬೇಡದ ಬಣ್ಣ ತೋರಿಸುತ್ತಿತ್ತು. ಇಎಸ್‌ಪಿ32 ಕೊಡುವ ಡೇಟಾ 3.3 ವೋಲ್ಟ್, ಚಿಪ್ ಎದುರು ನೋಡುವುದು 5 ವೋಲ್ಟ್. ನಡುವೆ 74ಎಎಚ್‌ಸಿಟಿ125 ಅನ್ನುವ ಪುಟ್ಟ ಚಿಪ್ ಇಟ್ಟು ಡೇಟಾದ ವೋಲ್ಟೇಜ್ ಏರಿಸಿದೆ. ಬೋರ್ಡ್‌ನ ಗ್ರೌಂಡ್ (ಮೈನಸ್ ವೈರ್) ಮತ್ತು ಪವರ್ ಸಪ್ಲೈ ಗ್ರೌಂಡ್ ಎರಡನ್ನೂ ಸೇರಿಸಿದೆ. ಮಿಣುಕು ನಿಂತಿತು.

ಆಮೇಲೆ ಕೊನೆಯ ಭಾಗ ಕೆಂಪಾಗತೊಡಗಿತು. ಬಿಳಿ ಹಾಕಿದರೆ ಆರಂಭದಲ್ಲಿ ಬಿಳಿ, ತುದಿಯಲ್ಲಿ ಕಿತ್ತಳೆ. ಇದು ಪ್ರೋಗ್ರಾಮಿನ ತಪ್ಪಲ್ಲ. ಹಸಿರು, ನೀಲಿ ಎಲ್‌ಇಡಿಗೆ ತಲಾ 3 ವೋಲ್ಟ್ ಹತ್ತಿರ ಬೇಕು, ಕೆಂಪಿಗೆ 2 ಸಾಕು. ಮೂರು ಎಲ್‌ಇಡಿ ಸಾಲಾಗಿರುವುದರಿಂದ ಅದು 9 ಮತ್ತು 6 ಆಗುತ್ತದೆ. ಉದ್ದದ ಸ್ಟ್ರಿಪ್‌ನಲ್ಲಿ ವೋಲ್ಟೇಜ್ ಕುಸಿದಾಗ ಮೊದಲು ಸೊರಗುವುದು ಹಸಿರು ಮತ್ತು ನೀಲಿ. ಈ ಸ್ಟ್ರಿಪ್ ಪೂರ್ತಿ ಬಿಳಿಯಲ್ಲಿ ಮೀಟರಿಗೆ 14.4 ವಾಟ್ ತಿನ್ನುತ್ತದೆ. 15 ಮೀಟರಿಗೆ 216 ವಾಟ್, ಅಂದರೆ 18 ಆಂಪ್. ಸ್ಟ್ರಿಪ್‌ನ ತೆಳು ತಾಮ್ರದಲ್ಲಿ ಅಷ್ಟು ಹರಿಯಲಾರದು. ಪ್ರತಿ 5 ಮೀಟರಿಗೆ ದಪ್ಪ ವೈರಿನಿಂದ ಬೇರೆಯಾಗಿ ಪವರ್ ಕೊಟ್ಟೆ, ಪ್ರತಿ ವೈರಿಗೂ ಫ್ಯೂಸ್ ಹಾಕಿದೆ. ಫ್ಯೂಸ್ ವಿಷಯದಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ, ಇದು ಮರದ ಮನೆಗೆ ಕಟ್ಟುವ ದೀಪ. ಬೆಳಕನ್ನೂ 30 ಶೇಕಡಾಕ್ಕೆ ಇಳಿಸಿದೆ. ರಾತ್ರಿ ಕಣ್ಣಿಗೆ ಅದು ಹಿತ.

ಆ ವರ್ಷ ಅಮ್ಮ ಹಾಸನದಿಂದ ಬಂದಿದ್ದರು. ಪ್ರತಿ ಬಣ್ಣವನ್ನೂ 0ಯಿಂದ 255ರವರೆಗಿನ ಅಂಕಿಯಲ್ಲಿ ಹೇಳಬೇಕು. ಕೆಂಪು 255, ಹಸಿರು 255, ನೀಲಿ 0 ಕೊಟ್ಟು ಹಳದಿ ಹಚ್ಚಿ ತೋರಿಸಿದೆ. "ಇದು ದೀಪದ ಬಣ್ಣ ಅಲ್ಲ ಮಗ, ನಿಂಬೆಹಣ್ಣಿನ ಬಣ್ಣ" ಅಂದರು. ನಿಜ. ಹಸಿರು ನಮ್ಮ ಕಣ್ಣಿಗೆ ಜಾಸ್ತಿ ಹೊಳೆಯುತ್ತದೆ. ಅಮ್ಮ ಒಂದು ಹಣತೆ ಹಚ್ಚಿ ಪಕ್ಕದಲ್ಲಿಟ್ಟರು. ಅದನ್ನು ನೋಡುತ್ತಾ ಹಸಿರನ್ನು ಇಳಿಸುತ್ತಾ ಹೋದೆ. ಕೊನೆಗೆ ನಿಂತದ್ದು 255, 110, 10ರ ಹತ್ತಿರ. ನಿಮ್ಮ ಸ್ಟ್ರಿಪ್‌ಗೆ ಬೇರೆ ಅಂಕಿ ಬರಬಹುದು, ಕಣ್ಣನ್ನೇ ನಂಬಿ. ಒಂದು ಎಚ್ಚರಿಕೆ: ಗಾಮಾ ತಿದ್ದುಪಡಿಯನ್ನು (ಅಂಕಿಗಳನ್ನು ಕಣ್ಣಿಗೆ ಕಾಣುವ ಬೆಳಕಿಗೆ ಹೊಂದಿಸುವುದು) ಎಕ್ಸ್‌ಲೈಟ್ಸ್‌ನಲ್ಲೋ ಕಂಟ್ರೋಲರ್‌ನಲ್ಲೋ ಒಂದೇ ಕಡೆ ಹಾಕಿ. ಎರಡೂ ಕಡೆ ಹಾಕಿದರೆ ಮಂದ ಬಣ್ಣಗಳು ಸತ್ತೇ ಹೋಗುತ್ತವೆ.

ಜ್ವಾಲೆ ಅಲ್ಲಾಡಿಸುವುದು ನನಗೆ ತುಂಬ ಇಷ್ಟವಾದ ಕೆಲಸ. ಮೂರು ಪಿಕ್ಸೆಲ್ ಸೇರಿ ಒಂದು ಹಣತೆ, ನಡುವೆ ಎರಡು ಪಿಕ್ಸೆಲ್ ಕತ್ತಲೆ. ಎಲ್ಲ ಬಣ್ಣವನ್ನೂ ಒಟ್ಟಿಗೆ ಏರಿಳಿಸಿದಾಗ ಕೆಟ್ಟ ಬಲ್ಬಿನಂತೆ ಕಂಡಿತು. ಆಮೇಲೆ ಕೆಂಪನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು, ಹಸಿರನ್ನು ಮಾತ್ರ 80ರಿಂದ 115ರ ನಡುವೆ ನಿಧಾನವಾಗಿ ಆಡಿಸಿದೆ. ಗಾಳಿಗೆ ಕುಗ್ಗಿದ ಜ್ವಾಲೆ ಕೆಂಪಾಗಿ, ಮತ್ತೆ ಎದ್ದು ಹೊನ್ನಾದ ಹಾಗೆ ಕಾಣಿಸಿತು.

ನರಕ ಚತುರ್ದಶಿಯ ಸಂಜೆ ಅಮ್ಮ ಬೀದಿಯ ಆಚೆ ನಿಂತು ನೋಡಿದರು. "ಈಗ ದೀಪ ಆಯ್ತು. ಆ ಕೊನೇ ಸಾಲು ಮಾತ್ರ ಯಾಕೋ ಕೆಂಪು" ಅಂದರು. ನನಗೆ ಕಂಡಿರಲಿಲ್ಲ. ವೋಲ್ಟ್ ಅಳೆಯುವ ಮೀಟರ್ ಹಿಡಿದು ಏಣಿ ಹತ್ತಿದೆ. 12 ಇರಬೇಕಾದಲ್ಲಿ 9.6 ವೋಲ್ಟ್ ಇತ್ತು. ಪವರ್ ವೈರಿನ ಬೆಸುಗೆ ಬಿಟ್ಟಿತ್ತು.