ಬೀಜ ಬೇಕು, ಫೋನ್ ಕಾಟ ಬೇಡ: ಆನ್‌ಲೈನ್‌ನಲ್ಲಿ ತರಕಾರಿ ಬೀಜ ಕೊಳ್ಳುವುದು ಹೇಗೆ

ಒಂದು ಗ್ರಾಂ ಟೊಮೇಟೊ ಬೀಜದಲ್ಲಿ ಹೆಚ್ಚುಕಮ್ಮಿ 300 ಕಾಳು ಇರುತ್ತವೆ. ತಾರಸಿಯ ಮೇಲೆ ನಾಲ್ಕು ಗ್ರೋ ಬ್ಯಾಗ್ ಇಟ್ಟವರಿಗೆ ಬೇಕಾಗುವುದು ನಾಲ್ಕು ಸಸಿ. ಸತ್ತದ್ದು, ಸೊರಗಿದ್ದು ಎಲ್ಲ ಲೆಕ್ಕ ಹಾಕಿದರೂ ಹತ್ತು ಕಾಳು ಸಾಕು. ಬದನೆ, ಮೆಣಸಿನಕಾಯಿಯ ಕತೆಯೂ ಇಷ್ಟೇ. ಬೆಂಡೆ ಮಾತ್ರ ಗ್ರಾಂಗೆ 15–18 ಕಾಳು ತೂಗುತ್ತದೆ, ಹುರುಳಿಕಾಯಿ ಮೂರೋ ನಾಲ್ಕೋ. ಹಾಗಾಗಿ ಈ ಎರಡನ್ನು ಗ್ರಾಂ ಲೆಕ್ಕದಲ್ಲಿ ನೋಡಿ ಕೊಳ್ಳಿ, ಉಳಿದವನ್ನು ಕಾಳಿನ ಲೆಕ್ಕದಲ್ಲಿ. ಹರಿವೆ, ದಂಟು ಚೆಲ್ಲಿ ಬೆಳೆಯುವ ಸೊಪ್ಪು. ಒಂದು ಚದರ ಮೀಟರ್ ಮಡಿಗೆ ಒಂದು ಗ್ರಾಂ ಬೀಜವನ್ನು ಒಂದು ಹಿಡಿ ಒಣ ಮರಳಿಗೆ ಬೆರೆಸಿ ಚೆಲ್ಲಿದರೆ ಸರಿಯಾಗುತ್ತದೆ.

ಈ ಲೆಕ್ಕ ಮೊದಲು ಹೇಳಿದ್ದಕ್ಕೆ ಕಾರಣ, ಆನ್‌ಲೈನ್ ಅಂಗಡಿಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು "ನೂರು ಬಗೆಯ ಬೀಜ, ಒಂದೇ ಪ್ಯಾಕ್" ಎಂಬ ಕಾಂಬೊ. ಅದರಲ್ಲಿ ನಿಮ್ಮ ಊರಿನ ಹವೆಗೆ ಒಗ್ಗದ್ದೇ ಅರ್ಧ ಇರುತ್ತದೆ. ಚಳಿ ಬೇಡುವ ಹೂಕೋಸು, ಕ್ಯಾರೆಟ್ ಮಂಗಳೂರಿನ ಸೆಕೆಯಲ್ಲಿ ಏಳುವುದೇ ಕಷ್ಟ. ಈರುಳ್ಳಿಯಂತೂ ಹಗಲಿನ ಉದ್ದ ನೋಡಿ ಗಡ್ಡೆ ಕಟ್ಟುವ ಬೆಳೆ. ಉದ್ದ ಹಗಲಿನ ದೇಶಗಳ ತಳಿಯನ್ನು ಇಲ್ಲಿ ಬಿತ್ತಿದರೆ ಸೊಪ್ಪು ಬರುತ್ತದೆ, ಗಡ್ಡೆ ಬರುವುದಿಲ್ಲ. ಇನ್ನು ನೀಲಿ ಸ್ಟ್ರಾಬೆರಿ, ಏಳು ಬಣ್ಣದ ಗುಲಾಬಿ ಬೀಜ ಎಂದು ತೋರಿಸುವ ಅಂಗಡಿ ಕಂಡರೆ ಅದರ ಬೇರೆ ಯಾವ ಬೀಜವನ್ನೂ ನಂಬಬೇಡಿ. ಅಂಥ ಗಿಡಗಳು ಇರುವುದು ಫೋಟೊದಲ್ಲಿ ಮಾತ್ರ.

ಪ್ಯಾಕೆಟ್ಟಿನ ಬೆನ್ನು ಓದಿ

ಮುಂದೆ ಕೆಂಪು ಹಣ್ಣಿನ ಚಿತ್ರ ಎಲ್ಲರೂ ಹಾಕುತ್ತಾರೆ. ವಿಷಯ ಇರುವುದು ಹಿಂಬದಿಯಲ್ಲಿ. ಮಾರಾಟದ ಪುಟದಲ್ಲಿ ಹಿಂಬದಿಯ ಫೋಟೊ ಇಲ್ಲದಿದ್ದರೆ ಮಾರುವವರನ್ನು ಕೇಳಿ; ಕೊಡದಿದ್ದರೆ ಬಿಟ್ಟುಬಿಡಿ. ಅಲ್ಲಿ ಹುಡುಕಬೇಕಾದದ್ದು ಇವು: ತಳಿಯ ಹೆಸರು, ಲಾಟ್ ನಂಬರ್, ಪರೀಕ್ಷೆ ಮಾಡಿದ ದಿನ, ಅವಧಿ ಮುಗಿಯುವ ದಿನ, ಮೊಳಕೆ ಪ್ರಮಾಣ, ಶುದ್ಧತೆ, ನಿವ್ವಳ ತೂಕ, ಬೀಜೋಪಚಾರ (ಬೀಜಕ್ಕೆ ಔಷಧ ಸವರುವುದು) ಆಗಿದೆಯೇ ಇಲ್ಲವೇ.

"ಹೈ ಯೀಲ್ಡ್ ಬೆಂಡೆ" ತಳಿಯ ಹೆಸರಲ್ಲ. "ಅರ್ಕಾ ಅನಾಮಿಕ" ತಳಿಯ ಹೆಸರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಹೊರತಂದದ್ದೇ ಬೆಂಡೆಯ ಹಳದಿ ನಂಜು ರೋಗ ತಡೆದುಕೊಳ್ಳಲಿ ಎಂದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಎಲೆ ಮುದುರು ನಂಜು, ದುಂಡಾಣು ಸೊರಗು ಮತ್ತು ಅಂಗಮಾರಿ ಮೂರಕ್ಕೂ ಎದುರು ನಿಲ್ಲುವ ಹೈಬ್ರಿಡ್. ಆದರೆ ಹೈಬ್ರಿಡ್ ಅಂದಮೇಲೆ ಹಣ್ಣಿನಿಂದ ಬೀಜ ತೆಗೆದಿಟ್ಟರೆ ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಬೀಜ ಉಳಿಸಿಕೊಳ್ಳುವ ಆಸೆ ಇದ್ದವರು "ಎಫ್1" ಎಂಬ ಗುರುತು ಇಲ್ಲದ ಸುಧಾರಿತ ತಳಿಯನ್ನೋ ನಾಟಿ, ಜವಾರಿ ಬೀಜವನ್ನೋ ಆರಿಸಿಕೊಳ್ಳಿ.

ದಿನಾಂಕದಲ್ಲಿ ಒಂದು ಮೋಸ ನಡೆಯುತ್ತದೆ. ಕೆಲವರು ಕಿಲೊಗಟ್ಟಲೆ ಹಳೆಯ ಬೀಜ ತಂದು ಜಿಪ್ ಕವರಿಗೆ ತುಂಬಿ "ಪ್ಯಾಕ್ ಮಾಡಿದ ದಿನ" ಎಂದು ಹೋದ ವಾರದ ತಾರೀಖು ಒತ್ತುತ್ತಾರೆ. ಪ್ಯಾಕ್ ಮಾಡಿದ ದಿನ ಬೀಜದ ವಯಸ್ಸು ಹೇಳುವುದಿಲ್ಲ. ನೋಡಬೇಕಾದ್ದು ಪರೀಕ್ಷೆಯ ದಿನ; ಅವಧಿ ಸಾಮಾನ್ಯವಾಗಿ ಅಲ್ಲಿಂದ 9 ತಿಂಗಳು.

ಮೊಳಕೆ ಪ್ರಮಾಣಕ್ಕೆ ಕನಿಷ್ಠ ಮಟ್ಟ ನಿಗದಿಯಾಗಿದೆ: ಟೊಮೇಟೊ, ಬದನೆ, ಈರುಳ್ಳಿಗೆ ನೂರಕ್ಕೆ 70; ಬೆಂಡೆ, ಕೊತ್ತಂಬರಿಗೆ 65; ಮೆಣಸಿನಕಾಯಿ, ಕ್ಯಾರೆಟ್, ಹೀರೆ ಹಾಗಲದಂಥ ಬಳ್ಳಿಗಳಿಗೆ 60. ಅಂದರೆ ಹತ್ತು ಮೆಣಸಿನ ಬೀಜದಲ್ಲಿ ನಾಲ್ಕು ಏಳದಿದ್ದರೆ ಅದು ಮಾರುವವರ ತಪ್ಪಲ್ಲ, ಲೆಕ್ಕದೊಳಗಿನ ಮಾತು. ನೂರಕ್ಕೆ ನೂರು ಎಂದು ಬರೆದುಕೊಂಡವರ ಮೇಲೇ ಅನುಮಾನ ಬರಬೇಕು.

ಚೀಟಿಯ ಬಣ್ಣವೂ ಮಾತಾಡುತ್ತದೆ. ನೀಲಿ ಚೀಟಿ ಪ್ರಮಾಣಿತ ಬೀಜದ್ದು, ಹಸಿರು ಚೀಟಿ ಉತ್ಪಾದಕರೇ ಹೊಣೆ ಹೊತ್ತು ಗುಣಮಟ್ಟ ಘೋಷಿಸಿದ ಬೀಜದ್ದು. ಕೈತೋಟದ ಸಣ್ಣ ಪೊಟ್ಟಣಗಳಲ್ಲಿ ಹೆಚ್ಚು ಸಿಗುವುದು ಎರಡನೆಯದು. ಗುಲಾಬಿಯೋ ಹಸಿರೋ ಬಣ್ಣ ಬಳಿದ ಕಾಳು ಬಂದರೆ ಅದಕ್ಕೆ ಔಷಧ ಸವರಿದೆ ಎಂದರ್ಥ. ಮಕ್ಕಳ ಕೈಗೆ ಕೊಡಬೇಡಿ, ಉಳಿದದ್ದನ್ನು ಕೋಳಿಗೆ ಹಾಕಬೇಡಿ.

ಕೊಳ್ಳುವುದಕ್ಕೆ ಹೆಸರಘಟ್ಟದ ಸಂಸ್ಥೆಯ ಆನ್‌ಲೈನ್ ಬೀಜ ಮಾರಾಟ ಒಂದು ಒಳ್ಳೆಯ ಆರಂಭ. ರಾಷ್ಟ್ರೀಯ ಬೀಜ ನಿಗಮದ ಬೀಜ ಸರ್ಕಾರದ ಬೆಂಬಲವಿರುವ ಒಎನ್‌ಡಿಸಿ ಎಂಬ ಆನ್‌ಲೈನ್ ಮಾರಾಟ ಜಾಲದಲ್ಲಿ ಸಿಗುತ್ತದೆ. ದೇಸಿ ತಳಿ ಬೇಕಾದವರಿಗೆ ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯ ಬೀಜಗಳಿವೆ. ಹೊಸ ಅಂಗಡಿಯಾದರೆ ಮೊದಲ ಸಲ ಎರಡೇ ಪೊಟ್ಟಣ ತರಿಸಿ ನೋಡಿ.

ಆರ್ಡರ್ ಫಾರಂನಲ್ಲಿ ಏನು ಕೊಡಬೇಕು, ಏನು ಕೊಡಬಾರದು

ಮೂವತ್ತು ರೂಪಾಯಿಯ ಪೊಟ್ಟಣಕ್ಕೆ ನೀವು ತೆರುವ ನಿಜವಾದ ಬೆಲೆ ನಿಮ್ಮ ಮೊಬೈಲ್ ನಂಬರ್. ಡೆಲಿವರಿಯವರು ಕರೆ ಮಾಡಬೇಕಾದ್ದರಿಂದ ಸುಳ್ಳು ನಂಬರ್ ಕೊಡಲಾಗುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಿನದನ್ನು ಕೊಡಬೇಕಾಗಿಲ್ಲ. ಖಾತೆ ತೆರೆಯದೆ ಅತಿಥಿಯಾಗಿ ಆರ್ಡರ್ ಮಾಡುವ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಹುಟ್ಟಿದ ದಿನ, ಜಮೀನು ಎಷ್ಟು ಎಕರೆ ಎಂಬ ಪ್ರಶ್ನೆಗಳನ್ನು ಖಾಲಿ ಬಿಡಿ. "ಎಕರೆ" ತುಂಬಿದ ಮರುವಾರವೇ ಗೊಬ್ಬರ, ಪಂಪ್‌ಸೆಟ್, ಸಾಲ ಎಲ್ಲದರ ಕರೆ ಶುರುವಾಗುತ್ತದೆ. ಆ್ಯಪ್ ಹಾಕಿಕೊಳ್ಳಿ ಎಂದರೆ ಬ್ರೌಸರ್ ಸಾಕು ಅನ್ನಿ.

ಹಣ ಕಟ್ಟುವ ಗುಂಡಿಯ ಮೇಲೆ ಸಣ್ಣ ಚೌಕಗಳಿರುತ್ತವೆ. "ವಾಟ್ಸ್ಆ್ಯಪ್‌ನಲ್ಲಿ ಆಫರ್ ಕಳಿಸಿ", "ಸುದ್ದಿಪತ್ರ ಬೇಕು" ಎಂಬುವಕ್ಕೆ ಮೊದಲೇ ಟಿಕ್ ಹಾಕಿರುತ್ತಾರೆ. ತೆಗೆಯಿರಿ. ಬುಟ್ಟಿಯನ್ನೂ ಇನ್ನೊಮ್ಮೆ ನೋಡಿ: ನೀವು ಹಾಕದ ಎರೆಗೊಬ್ಬರದ ಚೀಲವೋ "ಗಿಡ ಉಳಿಸಿ" ದೇಣಿಗೆಯೋ ಸೇರಿರಬಹುದು. ಹೀಗೆ ಕದ್ದು ಸೇರಿಸುವುದು, "ಇನ್ನು ಎರಡೇ ಪ್ಯಾಕ್ ಉಳಿದಿವೆ" ಎಂದು ಸುಳ್ಳು ಅವಸರ ಹುಟ್ಟಿಸುವುದು ಎರಡೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ನಿಷೇಧಿಸಿದ 13 ತಂತ್ರಗಳ ಪಟ್ಟಿಯಲ್ಲಿವೆ.

ಜಿಮೇಲ್ ಇದ್ದವರಿಗೆ ಒಂದು ಉಪಾಯ: ವಿಳಾಸ ತುಂಬುವಾಗ ನಿಮ್ಮ ಹೆಸರಾದ ಮೇಲೆ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಗುರುತು ಹಾಕಿ ಆ ಅಂಗಡಿಯ ಹೆಸರು ಬರೆಯಿರಿ. ಪತ್ರ ನಿಮಗೇ ಬರುತ್ತದೆ. ನಾಳೆ ಬೇರೆ ಯಾರೋ ಅದೇ ವಿಳಾಸಕ್ಕೆ ಬರೆದರೆ ನಿಮ್ಮ ವಿವರ ಯಾವ ಅಂಗಡಿಯಿಂದ ಸೋರಿತು ಎಂದು ಗೊತ್ತಾಗುತ್ತದೆ. ಕೆಲವು ತಾಣಗಳು ಪ್ಲಸ್ ಗುರುತನ್ನು ಒಪ್ಪುವುದಿಲ್ಲ.

ಬೀಜ ಕೈಗೆ ಬಂದ ದಿನ

ಒಡೆಯುವ ಮುಂಚೆ ಪೊಟ್ಟಣದ ಎರಡೂ ಬದಿಯ ಫೋಟೊ ತೆಗೆಯಿರಿ. ಖಾಲಿ ಕವರ್ ಎಸೆಯಬೇಡಿ, ಲಾಟ್ ನಂಬರ್ ಇರುವುದು ಅದರಲ್ಲೇ. ಆಮೇಲೆ ಮೊಳಕೆ ಪರೀಕ್ಷೆ. ಹಳೆಯ ಪಂಚೆಯ ಒಂದು ತುಂಡನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ. ಅದರ ಮೇಲೆ 20 ಕಾಳು ಒಂದಕ್ಕೊಂದು ತಾಗದಂತೆ ಇಟ್ಟು ಸುರುಳಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಸಡಿಲವಾಗಿ ಮುಚ್ಚಿ, ಅಡುಗೆಮನೆಯ ಮೂಲೆಯಲ್ಲಿಡಿ. ದಿನಕ್ಕೊಮ್ಮೆ ಬಿಚ್ಚಿ ನೋಡಿ, ಬಟ್ಟೆ ಒಣಗಿದ್ದರೆ ನೀರು ಚಿಮುಕಿಸಿ. ಮೂಲಂಗಿ ಮೂರು ನಾಲ್ಕು ದಿನಕ್ಕೆ, ಬೆಂಡೆ ಐದಾರು ದಿನಕ್ಕೆ, ಟೊಮೇಟೊ ಒಂದು ವಾರಕ್ಕೆ ಬಾಯಿ ಬಿಡುತ್ತವೆ. ಮೆಣಸಿನಕಾಯಿ ಹತ್ತು ಹನ್ನೆರಡು ದಿನ ಕಾಯಿಸುತ್ತದೆ. ಏಳನೇ ದಿನಕ್ಕೇ ಜಗಳ ತೆಗೆಯಬೇಡಿ. ಹಾಗಲದ ಸಿಪ್ಪೆ ಗಟ್ಟಿ. ಅಂಚನ್ನು ಉಗುರುಕತ್ತರಿಯಿಂದ ಸ್ವಲ್ಪ ಚಿವುಟಿ ರಾತ್ರಿಯಿಡೀ ನೆನೆಸಿ.

20ರಲ್ಲಿ 14 ಮೊಳೆತರೆ ಅದು ನೂರಕ್ಕೆ 70. ಚೀಟಿಯಲ್ಲಿ 70 ಎಂದಿದ್ದು ನಿಮಗೆ ಐದೋ ಆರೋ ಬಂದರೆ ಉಳಿದ ಕಾಳಿನಿಂದ ಇನ್ನೊಮ್ಮೆ ಪರೀಕ್ಷೆ ಮಾಡಿ, ಎರಡೂ ಬಟ್ಟೆಯ ಫೋಟೊ ಇಟ್ಟುಕೊಂಡು ಮಾರಿದವರಿಗೆ ಬರೆಯಿರಿ. ನೇರ ಕುಂಡಕ್ಕೆ ಬಿತ್ತಿ ಆಮೇಲೆ ದೂರಿದರೆ "ನೀರು ಜಾಸ್ತಿ ಹಾಕಿದ್ದೀರಿ, ಆಳ ಹೂತಿದ್ದೀರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ, ಎಷ್ಟೋ ಸಲ ಅದು ನಿಜವೂ ಹೌದು. ಬಟ್ಟೆಯಲ್ಲಿ ಆ ನೆಪ ನಡೆಯುವುದಿಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಅಂಗಡಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕಾಟ ಶುರುವಾದ ಮೇಲೆ

ಪಾರ್ಸೆಲ್ ಮನೆಗೆ ಬರುವ ತನಕ ಯಾವುದನ್ನೂ ಬ್ಲಾಕ್ ಮಾಡಬೇಡಿ. ಡೆಲಿವರಿಯ ಓಟಿಪಿ ಬರುವುದೂ ಅದೇ ದಾರಿಯಲ್ಲಿ. ಬಂದ ಮೇಲೆ ಎಸ್ಎಂಎಸ್ ಕಳಿಸಿದವರ ಹೆಸರಿನ ಕೊನೆ ನೋಡಿ. ಅಡ್ಡಗೆರೆಯ ನಂತರ "ಪಿ" ಇದ್ದರೆ ಜಾಹೀರಾತು, "ಎಸ್" ಇದ್ದರೆ ಸೇವೆ, "ಟಿ" ಇದ್ದರೆ ವಹಿವಾಟು, "ಜಿ" ಇದ್ದರೆ ಸರ್ಕಾರದ್ದು.

ಜಾಹೀರಾತು ಪೂರ್ತಿ ನಿಲ್ಲಬೇಕಾದರೆ ಇಂಗ್ಲಿಷ್ ಅಕ್ಷರದಲ್ಲಿ "ಸ್ಟಾರ್ಟ್" ಎಂದು ಬರೆದು, ಜಾಗ ಬಿಟ್ಟು, ಸೊನ್ನೆ ಒತ್ತಿ 1909ಕ್ಕೆ ಎಸ್ಎಂಎಸ್ ಮಾಡಿ. ನಿಲ್ಲಿಸಲು "ಸ್ಟಾರ್ಟ್" ಎನ್ನಬೇಕಾದ ವಿಚಿತ್ರ ಇದು: ಶುರುವಾಗುವುದು ತಡೆ, ಜಾಹೀರಾತಲ್ಲ. "ಸ್ಟಾಪ್" ಎಂದು ಕಳಿಸಿ ಇದ್ದ ತಡೆಯನ್ನೂ ಕಳೆದುಕೊಳ್ಳಬೇಡಿ.

ಇಷ್ಟಾದರೂ ಬೀಜದ ಅಂಗಡಿಯ ಸಂದೇಶ ಬರುತ್ತಲೇ ಇರಬಹುದು. ಅವರಿಗೆ ನೀವೇ ಒಪ್ಪಿಗೆ ಕೊಟ್ಟಿದ್ದರೆ ಈ ತಡೆ ಅದನ್ನು ಹಿಡಿಯುವುದಿಲ್ಲ. ಆ ಒಪ್ಪಿಗೆಯನ್ನು ಅವರಲ್ಲೇ, ಖಾತೆಯ ಸೆಟ್ಟಿಂಗ್‌ನಲ್ಲಿ ಅಥವಾ ಒಂದು ಇಮೇಲ್ ಬರೆದು ವಾಪಸು ಪಡೆಯಬೇಕು. ಆಮೇಲೂ ಬಂದರೆ ಏಳು ದಿನದೊಳಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಡಿಎನ್‌ಡಿ (ಕಾಟ ಬೇಡ) ಆ್ಯಪ್‌ನಲ್ಲಿ ಅಥವಾ 1909ಕ್ಕೆ ದೂರು ಕೊಡಿ. ಮಾಮೂಲಿ ಹತ್ತಂಕಿಯ ನಂಬರಿನಿಂದ ಜಾಹೀರಾತು ಕರೆ ಬಂದರೂ ಇದೇ ದಾರಿ. ಸಂದೇಶ ಅಳಿಸುವ ಮುಂಚೆ ದೂರು ಕೊಡಿ, ದಿನಾಂಕ ಮತ್ತು ನಂಬರ್ ಕೇಳುತ್ತಾರೆ.

ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಮಾಡುವಾಗ ರಿಪೋರ್ಟ್ ಕೂಡ ಒತ್ತಿ. "ರೈತ ಮಿತ್ರರು" ಎಂಬಂಥ ಗುಂಪಿಗೆ ಹೇಳದೆ ಕೇಳದೆ ಸೇರಿಸುವವರಿದ್ದಾರೆ. ಸೆಟ್ಟಿಂಗ್‌ನ ಪ್ರೈವಸಿಯಲ್ಲಿ ಗುಂಪುಗಳು ಎಂಬಲ್ಲಿ "ನನ್ನ ಸಂಪರ್ಕಗಳು" ಆರಿಸಿದರೆ ಅಪರಿಚಿತರು ಸೇರಿಸಲಾರರು. ಇಮೇಲ್‌ಗೆ ಒಂದೇ ನಿಯಮ: ನೀವು ಕೊಂಡ ಅಂಗಡಿಯದಾದರೆ ಅನ್‌ಸಬ್‌ಸ್ಕ್ರೈಬ್ ಒತ್ತಿ, ಹೆಸರೇ ಕೇಳದವರದಾದರೆ ಅದನ್ನು ಮುಟ್ಟದೆ ಸ್ಪ್ಯಾಮ್‌ಗೆ ತಳ್ಳಿ. ಅಪರಿಚಿತರ ಪತ್ರದಲ್ಲಿ ಆ ಕೊಂಡಿ ಒತ್ತುವುದೆಂದರೆ "ಈ ವಿಳಾಸದಲ್ಲಿ ಜನ ಇದ್ದಾರೆ" ಎಂದು ಹೇಳಿಕೊಟ್ಟಂತೆ.

"ನಿಮ್ಮ ಬೀಜದ ಹಣ ವಾಪಸು ಬರುತ್ತದೆ, ಯುಪಿಐ ಪಿನ್ ಒತ್ತಿ" ಎಂಬ ಕರೆ ಮಾರಾಟದ್ದಲ್ಲ, ಕಳ್ಳತನದ್ದು. ಹಣ ಬರಲು ಪಿನ್ ಬೇಡ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೇಳದೆ ಬಂದ ಪೊಟ್ಟಣ

ತರಿಸದೇ ಇದ್ದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬಂದರೆ ಮನೆಯವರನ್ನು ಕೇಳಿ, ಯಾರದ್ದೂ ಅಲ್ಲವಾದರೆ ವಾಪಸು ಕಳಿಸಿ. ವಿದೇಶಿ ವಿಳಾಸದ, ಹೆಸರಿಲ್ಲದ ಬೀಜ ಬಂದರೆ ಮಾತು ಬೇರೆ. 2020ರಲ್ಲಿ ಹಲವು ದೇಶಗಳ ಜನರಿಗೆ ಹೀಗೆ ಕೇಳದ ಬೀಜಗಳು ಅಂಚೆಯಲ್ಲಿ ಬಂದವು, ಆಗಸ್ಟ್‌ನಲ್ಲಿ ನಮ್ಮ ಕೃಷಿ ಸಚಿವಾಲಯವೂ ರಾಜ್ಯಗಳನ್ನು ಎಚ್ಚರಿಸಿತು. ಹುಸಿ ಆರ್ಡರ್ ಸೃಷ್ಟಿಸಿ ತಮಗೆ ತಾವೇ ಒಳ್ಳೆಯ ವಿಮರ್ಶೆ ಬರೆದುಕೊಳ್ಳುವ ಮಾರಾಟಗಾರರ ಕೆಲಸವೂ ಆಗಿರಬಹುದು, ಆದರೆ ಒಳಗೆ ಬಂದ ಕಳೆಗೋ ರೋಗಕ್ಕೋ ಅದು ಲೆಕ್ಕಕ್ಕಿಲ್ಲ. ಕಾಂಗ್ರೆಸ್ ಗಿಡವೂ ಒಂದು ಕಾಲದಲ್ಲಿ ಹೊರಗಿಂದ ಬಂದದ್ದೇ. ಬಿತ್ತಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಕವರ್ ಸಮೇತ ಇನ್ನೊಂದು ಚೀಲದಲ್ಲಿ ಕಟ್ಟಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ವಿದೇಶಿ ತಾಣದಿಂದ ನೀವೇ ತರಿಸುವುದಕ್ಕೂ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಮೆರಿಕದಲ್ಲಿರುವ ಮಗಳಿಗೆ ಅವರೆ ಬೀಜ ಕಳಿಸುವವರಿಗೂ ಅಲ್ಲಿನ ಕೃಷಿ ಇಲಾಖೆಯ ಅನುಮತಿ ಬೇಕು. ಸಣ್ಣ ಪ್ರಮಾಣದ ಬೀಜಕ್ಕೆ ಅಲ್ಲಿ ಬೇರೆಯೇ ಪರವಾನಗಿ ಇದೆ, ಮಗಳು ಮೊದಲು ಅದನ್ನು ಪಡೆದಿರಲಿ.

ಉಳಿದ ಬೀಜವನ್ನು ಅದರ ಕವರಿನಲ್ಲೇ ಮಡಚಿ, ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಟೊಮೇಟೊ, ಬದನೆ ಮೂರು ವರ್ಷ ತಡೆಯುತ್ತವೆ. ಈರುಳ್ಳಿ ಬೀಜ ವರ್ಷ ದಾಟುವುದು ಕಷ್ಟ. ಉಳಿದಿದ್ದರೆ ಈ ಸಲವೇ ಒತ್ತೊತ್ತಾಗಿ ಚೆಲ್ಲಿಬಿಡಿ, ಈರುಳ್ಳಿ ಸೊಪ್ಪಾದರೂ ಕೊಯ್ಯಬಹುದು.