ಗುಳೆ ಹೋದವರ ಮನೆಗೆ ಪಂಚಾಯ್ತಿ ಆಸರೆ ಸಿಗುವಂತೆ ಮಾಡುವುದು ಹೇಗೆ?

ಕೊಪ್ಪಳ, ರಾಯಚೂರು ಕಡೆ ಸುಗ್ಗಿ ಮುಗಿದರೆ ಸಾಕು, ಜನ ಗುಳೆ ಹೊರಡುತ್ತಾರೆ. ಎಷ್ಟೋ ಮನೆಗಳಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಶಾಲೆ ಮಕ್ಕಳು ಮಾತ್ರ. ಇವರ ಕಡೆ ನೋಡುವುದು ಪಂಚಾಯ್ತಿ ಕೆಲಸವೂ ಹೌದು, ಅಲ್ವಾ?

ಮೊದಲು ಪಟ್ಟಿ ಮಾಡಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಒಂದು ಮಧ್ಯಾಹ್ನ ಕೂತರೆ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ, ಯಾವ ಅಜ್ಜಿಯ ಪಿಂಚಣಿ ನಿಂತಿದೆ, ಎಲ್ಲ ಗೊತ್ತಾಗುತ್ತದೆ. ಪಟ್ಟಿಯನ್ನು ವಾರ್ಡ್ ಸಭೆಯಲ್ಲಿಡಿ, ಆಮೇಲೆ ಗ್ರಾಮಸಭೆ ನಡಾವಳಿಯಲ್ಲಿ ಬರೆಸಿ. ಇದನ್ನು ಮಾತ್ರ ಬಿಡಬೇಡಿ. ಬಾಯಿಮಾತಲ್ಲಿ ಹೇಳಿದರೆ ‘ನೋಡೋಣ ಬಿಡ್ರಿ’ ಅಂತಾರೆ, ಬರೆದಿದ್ದರೆ ಜಾರಿಕೊಳ್ಳುವುದು ಕಷ್ಟ. ಮಕ್ಕಳ ಗ್ರಾಮಸಭೆಯನ್ನೂ ಸುಮ್ನೆ ಫೋಟೋಗೆ ಮಾಡಬೇಡಿ, ಮಕ್ಕಳು ದೊಡ್ಡವರಿಗಿಂತ ನೇರವಾಗಿ ಮಾತಾಡುತ್ತಾರೆ.

ದುಡ್ಡಿಲ್ಲ ಅಂದರೆ, ಪಂಚಾಯ್ತಿ ಹಣದಲ್ಲಿ ಅಂಗವಿಕಲರಿಗೆ ಮೀಸಲಾದ ಶೇ 5ರ ಪಾಲು ಎಲ್ಲಿ ಖರ್ಚಾಯಿತು ಅಂತ ಕೇಳಿ. ಅವರಿಗಾಗಿಯೇ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಆದರೆ ಈ ವಿಷಯ ಊರಲ್ಲಿ ತುಂಬಾ ಜನಕ್ಕೆ ಗೊತ್ತೇ ಇರಲ್ಲ.

ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ‘ಕೂಸಿನ ಮನೆ’ ಬೇಕು, ಅಂದರೆ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯ್ತಿ ಶಿಶುಪಾಲನಾ ಕೇಂದ್ರ. ನಿಮ್ಮೂರಲ್ಲಿ ಬೀಗ ಬಿದ್ದಿದ್ದರೆ ತೆಗೆಸಿ. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಮೊದಲೇ ನೋಡಿ.

ಪಂಚಾಯ್ತಿ ಗೋಡೆ ಮೇಲೆ ಎರಡು ಸಹಾಯವಾಣಿ ನಂಬರ್ ದೊಡ್ಡದಾಗಿ ಬರೆಸಿ: ಮಕ್ಕಳಿಗೆ 1098, ಹಿರಿಯರಿಗೆ 14567.