ಹುತ್ತದ ಮಣ್ಣಿನ ಒಲೆಯಲ್ಲಿ ಅದಿರಿನಿಂದ ಕಬ್ಬಿಣ: ನನ್ನ ಅನುಭವ

ಇದ್ದಿಲು, ಕುಲುಮೆಯ ಬ್ಲೋವರ್ ಇಟ್ಟುಕೊಂಡು ಅದಿರು ಕರಗಿಸಲು ಆಗುವುದಿಲ್ಲ ಎಂದವರೇ ಹೆಚ್ಚು. ಕಬ್ಬಿಣ ಕರಗಬೇಕಾಗಿಯೇ ಇಲ್ಲ. ಅದಕ್ಕೆ 1538 ಡಿಗ್ರಿ ಬೇಕು; ನಮಗೆ ಕಿಟ್ಟ (ಅದಿರಿನ ಕಲ್ಮಶ ಕರಗಿ ಆಗುವ ಗಸಿ) ಹರಿಯುವಷ್ಟು, 1200 ಡಿಗ್ರಿ ಆಸುಪಾಸು, ಸಿಕ್ಕರೆ ಸಾಕು. ಕಬ್ಬಿಣ ಗಟ್ಟಿಯಾಗಿಯೇ ಉಳಿದು ಮುದ್ದೆಗಟ್ಟುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಊದುಕುಲುಮೆಯೂ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಲ್ಲೇ ಕರಗಿಸುತ್ತಿತ್ತು. ಅಲ್ಲಿ ಬೀಡು (ಇಂಗಾಲ ಹೆಚ್ಚಿರುವ ಎರಕದ ಕಬ್ಬಿಣ) ದ್ರವವಾಗಿ ಹರಿಯಬೇಕಿತ್ತು, ಇಲ್ಲಿ ಹರಿದರೆ ಕೆಲಸ ಕೆಟ್ಟಂತೆ.

ಒಲೆ ಎದೆಮಟ್ಟ, ಒಳಗೆ 28 ಸೆಂ.ಮೀ. ಅಗಲ, ಗೋಡೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಹುತ್ತದ ಮಣ್ಣು, ಮರಳು, ಭತ್ತದ ಹೊಟ್ಟು. ಗಾಳಿ ಕೊಳವೆ ತಳದಿಂದ 20 ಸೆಂ.ಮೀ. ಮೇಲೆ, ತುದಿ ಕೊಂಚ ಕೆಳಮುಖ. ಕೊಳವೆಯ ಮಣ್ಣಿಗೆ ನಾನು ಬೆರೆಸುವ ಒಂದು ವಸ್ತುವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಳೆಗಾಲದಲ್ಲಿ ಕೈಹಾಕಬೇಡಿ: ಗೋಡೆ ಒಣಗುವುದಿಲ್ಲ, ಇದ್ದಿಲು ತೇವ ಎಳೆಯುತ್ತದೆ. ಶೆಡ್ಡಿನೊಳಗೂ ಬೇಡ, ವಿಷಾನಿಲ ಏಳುತ್ತದೆ.

ಅದಿರಿನಲ್ಲೇ ಅರ್ಧ ಸೋಲು. ಜಂಬಿಟ್ಟಿಗೆ ಕಲ್ಲು ಕೆಂಪಗಿದೆ ಎಂದು ಹಾಕಿದರೆ ಅದರೊಳಗಿನ ಅಲ್ಯೂಮಿನಿಯಂ ಆಕ್ಸೈಡ್ ಕಿಟ್ಟವನ್ನು ಗಂಜಿಯಂತೆ ಮಂದವಾಗಿಸಿ ಕೊಳವೆಯ ಬಾಯಿ ಕಟ್ಟುತ್ತದೆ. ಅದಿರಿನ ಕಬ್ಬಿಣ ತನ್ನ ಆಮ್ಲಜನಕವನ್ನು ಇದ್ದಿಲಿಗೆ ಬಿಟ್ಟುಕೊಡುವ ಹಾಗೆ ಅಲ್ಯೂಮಿನಿಯಂ ಈ ಬಿಸಿಯಲ್ಲಿ ಬಿಟ್ಟುಕೊಡುವುದಿಲ್ಲ. ಕಾರ್ಖಾನೆಗಳಲ್ಲಿ ಅದನ್ನು ಬಿಡಿಸುವುದು ವಿದ್ಯುತ್ತಿನಿಂದ. ಮರಳು ಹೆಚ್ಚಿರುವ ಅದಿರೂ ಬೇಡ, ಕಬ್ಬಿಣವೆಲ್ಲ ಕಿಟ್ಟಕ್ಕೇ ಸೇರುತ್ತದೆ. ಕೈಗೆ ಭಾರ ಅನಿಸುವ, ಗೀಚಿದರೆ ಇಟ್ಟಿಗೆ ಬಣ್ಣದ ಗೆರೆ ಬೀಳುವ ಹೆಮಟೈಟ್ ಬೇಕು. ಅದನ್ನು ಸೌದೆ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕಡಲೆಕಾಳಿನಷ್ಟು ಕುಟ್ಟಿ, ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಒಲೆಗೆ ತಯಾರು.

ಮೊದಲು ಒಂದು ಗಂಟೆ ಬರೀ ಇದ್ದಿಲು. ಆಮೇಲೆ 2 ಕೆ.ಜಿ. ಇದ್ದಿಲಿಗೆ 1 ಕೆ.ಜಿ. ಅದಿರಿನಿಂದ ಶುರುಮಾಡಿ ಸಮಸಮಕ್ಕೆ ಏರಿಸಿ. 2 ಕೆ.ಜಿ. ಇದ್ದಿಲು ಹತ್ತು-ಹನ್ನೆರಡು ನಿಮಿಷದಲ್ಲಿ ಇಳಿಯಬೇಕು. ಎಲ್ಲ ನಿಂತಿರುವುದು ಇದರ ಮೇಲೆ. ನಿಧಾನವಾದರೆ ಒಲೆ ತಣಿದು ಕಿಟ್ಟ ಹೆಪ್ಪುಗಟ್ಟುತ್ತದೆ. ಬಿಸಿ ಹೆಚ್ಚಿ, ಅದಿರಿನ ಲೆಕ್ಕಕ್ಕೆ ಇದ್ದಿಲೂ ಅತಿಯಾದರೆ ಕಬ್ಬಿಣ ಇಂಗಾಲ ಕುಡಿದು ಬೀಡಾಗುತ್ತದೆ, ಸುತ್ತಿಗೆ ಬಿದ್ದೊಡನೆ ಪುಡಿ. ಬ್ಲೋವರ್ ಬಾಯಿಗೆ ಜಾರುವ ತಗಡು ಕೂರಿಸಿಕೊಳ್ಳಿ, ಗಾಳಿ ಹಿಡಿತಕ್ಕೆ ಬರುತ್ತದೆ.

ನನಗೆ 20 ಕೆ.ಜಿ. ಚಿಲ್ಲರೆ ಅದಿರಿಗೆ ಸುಮಾರು 45 ಕೆ.ಜಿ. ಅಕೇಶಿಯಾ ಇದ್ದಿಲು ಹೋಯಿತು, 5 ಕೆ.ಜಿ. ಮುದ್ದೆ ಬಂತು. ಬಡಿದು ಕಿಟ್ಟ ತೆಗೆದ ಮೇಲೆ 3 ಕೆ.ಜಿ. ಗಟ್ಟಿ ಕಬ್ಬಿಣ. ಇದ್ದಿಲಿಗೇ ಎರಡು ಸಾವಿರದ ಹತ್ತಿರ. ಗುಜರಿ ಅಂಗಡಿಯ ಕಬ್ಬಿಣದ ಜೊತೆ ಲೆಕ್ಕ ಹಾಕುವ ಹಾಗಿಲ್ಲ. ಆದರೆ ಈ ಕಬ್ಬಿಣದ ಕತ್ತಿ ಅಡಿಕೆ ತೋಟದಲ್ಲಿ ಕೆಲಸ ಮಾಡುತ್ತಿದೆ.

ನಡುವೆ, ಒಲೆಯಿಲ್ಲದೆ ತಾಮ್ರ ತೆಗೆಯುವುದನ್ನೂ ನೋಡಿದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವವರು ಅದರಲ್ಲಿ ಚಾಕು ಅದ್ದಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕುತ್ತಾರಲ್ಲ, ಆ ಕೆಂಪೇ ತಾಮ್ರ; ಇಲ್ಲೂ ಅದೇ ಕೆಲಸ. ಕೆಟ್ಟುಹೋದ ಮೈಲುತುತ್ತು 1 ಕೆ.ಜಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಸಿನೀರಿಗೆ ಕರಗಿಸಿ 300 ಗ್ರಾಂ ಲೇತ್ ಯಂತ್ರದ ಕಬ್ಬಿಣದ ಚೂರು ಹಾಕಿದರೆ 250 ಗ್ರಾಂವರೆಗೆ ತಾಮ್ರದ ಪುಡಿ ಇಳಿಯುತ್ತದೆ. ಉಳಿದ ಕಬ್ಬಿಣವನ್ನು ಅಯಸ್ಕಾಂತದಿಂದ ಎತ್ತಿ. ಹೊಸ ಮೈಲುತುತ್ತು ಕೊಂಡು ಮಾಡಿದರೆ ನಷ್ಟ.

ಮತ್ತೆ ಕಬ್ಬಿಣಕ್ಕೆ: ಒಲೆಯಿಂದ ತೆಗೆದ ಮುದ್ದೆಗೆ ಮೊದಲು ಮರದ ಕೊಡತಿಯಿಂದ ಮೆಲ್ಲಗೆ ಬಡಿಯಿರಿ. ಬಿಳಿ ಕಾವು ಹಳದಿಗೆ ಇಳಿಯುತ್ತಿದ್ದಂತೆ ನಿಲ್ಲಿಸಿ ಮತ್ತೆ ಕಾಯಿಸಿ. ಕೆಂಪಿಗಿಳಿದ ಮೇಲೂ ಬಡಿದರೆ ಕಿಟ್ಟ ಇರುವ ಕಡೆಯೆಲ್ಲ ಸೀಳುತ್ತದೆ, ಆ ಸೀಳು ಮತ್ತೆ ಬೆಸೆಯುವುದು ಕಷ್ಟ.